ರಿಸಲ್ಟ್‌ಗೆ ಕಾಯಬೇಡಿ, ಕಾಗದಪತ್ರ ಮೊದಲು

ಕುಮಟಾದಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆಧಾರ್, ಪರೀಕ್ಷೆ ಫೀ, ಎಲ್ಲಾ ಮಾಡಿಕೊಡುತ್ತೇನೆ. ಎಡಗಾಲಿಗೆ ಕ್ಯಾಲಿಪರ್ ಹಾಕಿಕೊಂಡೇ ಡಿಗ್ರಿ ಮುಗಿಸಿದವನು ನಾನು. ಹಾಗಾಗಿ ಅಂಗವಿಕಲ ಮಕ್ಕಳ ಸ್ಕಾಲರ್‌ಶಿಪ್ ಅಂತ ಯಾರಾದರೂ ಬಂದರೆ ಉಳಿದ ಕೆಲಸ ಬದಿಗಿಟ್ಟು ಕೂರುತ್ತೇನೆ. ಅರ್ಜಿ ತುಂಬುವುದು ದೊಡ್ಡ ಕೆಲಸವೇ ಅಲ್ಲ. ಕೈಕೊಡುವುದು ಅದಕ್ಕೆ ಬೇಕಾದ ಕಾಗದಗಳು.

ಮುಖ್ಯವಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಆಸ್ಪತ್ರೆ ಆರಿಸಿಕೊಳ್ಳಬೇಕು, ಆಮೇಲೆ ಡಾಕ್ಟರ ತಪಾಸಣೆ. ನಮ್ಮ ಜಿಲ್ಲೆಯವರಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ. ಸ್ಕಾಲರ್‌ಶಿಪ್‌ಗೆ ಕಡಿಮೆ ಎಂದರೂ ಶೇಕಡಾ 40 ವೈಕಲ್ಯ ಇರಬೇಕು. ಪುಸ್ತಕದ ರೂಪದ ಹಳೆಯ ಅಂಗವೈಕಲ್ಯ ಸರ್ಟಿಫಿಕೇಟ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲೇ ಈ ಕೆಲಸ ಮುಗಿಸಿ. ದಾರಿ ಗೊತ್ತಾಗದಿದ್ದರೆ ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ತಾಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇದೇ ಅವರ ಕೆಲಸ, ಸಂಕೋಚ ಬೇಡ.

ಇನ್ನು ಹೆಸರು. ನಮ್ಮ ಕಡೆಯ ದೊಡ್ಡ ತಲೆನೋವು ಇದೇ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಆಧಾರ್‌ನಲ್ಲಿ ಬರೀ ಇನಿಶಿಯಲ್. ಗೌಡ ಅಂತ ಬರೆಯುವಾಗ ಒಂದು ಕಡೆ ಇಂಗ್ಲಿಷಿನ ‘ಯು’, ಇನ್ನೊಂದು ಕಡೆ ‘ಡಬ್ಲ್ಯೂ’. ಮನುಷ್ಯರ ಕಣ್ಣಿಗೆ ಇಬ್ಬರೂ ಒಬ್ಬನೇ ಮಾಣಿ, ಕಂಪ್ಯೂಟರಿಗೆ ಬೇರೆ ಬೇರೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇದ್ದಂತೆಯೇ ಆಧಾರ್ ತಿದ್ದಿಸಿ, ಆಮೇಲೆ ಯುಡಿಐಡಿ, ಕೊನೆಗೆ ಬ್ಯಾಂಕ್. ಈ ಕ್ರಮ ತಪ್ಪಿದರೆ ಎಲ್ಲಾ ಮತ್ತೆ ಮಾಡಬೇಕಾಗುತ್ತದೆ.

ಬ್ಯಾಂಕ್ ವಿಷಯ ಬಿಡಿಸಿ ಹೇಳುತ್ತೇನೆ. ಘಟ್ಟದ ಮೇಲಿನವರು ಹೆಚ್ಚಿನವರು ಊರಿನ ಸೊಸೈಟಿಯಲ್ಲೇ ಖಾತೆ ಇಟ್ಟಿರುತ್ತಾರೆ. ಅಡಿಕೆ ದುಡ್ಡಿಗೆ ಅದು ಸರಿ, ಸ್ಕಾಲರ್‌ಶಿಪ್‌ಗೆ ನಡೆಯುವುದಿಲ್ಲ. ಹಣ ಬರುವುದು ವಿದ್ಯಾರ್ಥಿಯ ಹೆಸರಿನಲ್ಲಿ ಆಧಾರ್ ಸೀಡಿಂಗ್ ಆದ, ಅಂದರೆ ಸರ್ಕಾರದ ಹಣ ಜಮೆಯಾಗಲು ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆಗೆ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೇನೆ ಎಂದರೆ ಸೀಡಿಂಗ್ ಆಗಿದೆ ಅಂತಲ್ಲ. ಆಧಾರ್‌ನ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ, ಚಾಲ್ತಿಯಲ್ಲಿದೆಯೇ ಎಂದು ಕಾಣುತ್ತದೆ. ಎಷ್ಟೋ ಸಲ ಹೈಸ್ಕೂಲಿನಲ್ಲಿದ್ದಾಗ ಮಾಡಿಸಿ ಮರೆತ ಖಾತೆ ಅಲ್ಲಿ ಕಾಣಿಸಿಕೊಳ್ಳುತ್ತದೆ! ಆಗದಿದ್ದರೆ ಪೋಸ್ಟಾಫೀಸಿನ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಯಿರಿ. ನಡೆದಾಡಲು ಕಷ್ಟ ಇದ್ದವರ ಮನೆಗೆ ಪೋಸ್ಟ್‌ಮ್ಯಾನೇ ಬಂದು ಮಾಡಿಕೊಡುತ್ತಾರೆ.

ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಐದು ವರ್ಷ ನಡೆಯುತ್ತದೆ. ಅದರ ಮೇಲಿನ ಆರ್‌ಡಿ ನಂಬರ್ ಫೋಟೋ ಹೊಡೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಗೆ ಅದು ಬೇಕು.

ಕೇಂದ್ರದ ಸ್ಕಾಲರ್‌ಶಿಪ್ ಇರುವುದು ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ. ಪಿಯುಸಿಯಿಂದ ಎಂಎವರೆಗೆ ಪೋಸ್ಟ್ ಮೆಟ್ರಿಕ್, ತಂದೆತಾಯಿಯ ವರ್ಷದ ಆದಾಯ 2.5 ಲಕ್ಷ ರೂಪಾಯಿಯ ಒಳಗಿರಬೇಕು. ತಿಂಗಳ ಭತ್ಯೆಯ ಜೊತೆಗೆ ಪುಸ್ತಕಕ್ಕೆ ಬೇರೆ, ವೈಕಲ್ಯದ ಭತ್ಯೆ ಬೇರೆ. ಇದು ಸಿಕ್ಕರೆ ಇನ್ನೊಂದು ಸ್ಕಾಲರ್‌ಶಿಪ್ ಇಟ್ಟುಕೊಳ್ಳುವ ಹಾಗಿಲ್ಲ. ಎರಡೂ ಬಂದರೆ ಲೆಕ್ಕ ಹಾಕಿ ಜಾಸ್ತಿ ಬರುವುದನ್ನು ಉಳಿಸಿಕೊಳ್ಳಿ. ನೋಂದಣಿಗೆ ಮೊಬೈಲ್ ಮುಂದೆ ಮುಖ ತೋರಿಸಬೇಕು. ಆಷಾಢದ ಮಬ್ಬಿನಲ್ಲಿ ನನ್ನ ಅಂಗಡಿಯೊಳಗೆ ಅದು ಮುಖ ಹಿಡಿಯುವುದೇ ಇಲ್ಲ. ಜಗಲಿಗೆ ಕರೆದುಕೊಂಡು ಹೋಗಿ, ಹಿಂದೆ ಬಿಳಿ ಪಂಚೆ ಹಿಡಿದು ನಿಂತರೆ ಒಂದೇ ಸಲಕ್ಕೆ ಆಗುತ್ತದೆ.

ಸಬ್‌ಮಿಟ್ ಒತ್ತಿ ಮನೆಗೆ ಹೋದರೆ ಅರ್ಧ ಕೆಲಸ ಅಷ್ಟೇ. ಕಾಲೇಜಿನವರು ಆನ್‌ಲೈನ್‌ನಲ್ಲಿ ವೆರಿಫೈ ಮಾಡಲೇಬೇಕು, ಮಾಡದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ಅರ್ಜಿಯ ಪ್ರಿಂಟ್, ಕಾರ್ಡಿನ ಝೆರಾಕ್ಸ್ ಎಲ್ಲಾ ಪಿನ್ ಹೊಡೆದು ಆಫೀಸಿಗೆ ಕೊಡಿ. ‘ಸರ್, ನನ್ನದು ಎನ್‌ಎಸ್‌ಪಿ, ಅಂಗವಿಕಲರ ಸ್ಕೀಮು’ ಅಂತ ಬಾಯಿಬಿಟ್ಟು ಹೇಳಿ. ಕಾಲೇಜಿಗೆ ಎಸ್‌ಎಸ್‌ಪಿ ಅರ್ಜಿಗಳು ರಾಶಿ ಬರುತ್ತವೆ, ಇದು ಒಂದೋ ಎರಡೋ, ಕಣ್ಣಿಗೇ ಬೀಳುವುದಿಲ್ಲ. ವಾರಕ್ಕೊಮ್ಮೆ ಸ್ಟೇಟಸ್ ನೋಡುತ್ತಿರಿ. ‘ಡಿಫೆಕ್ಟ್’ ಅಂತ ವಾಪಸ್ ಬಂದಿದ್ದರೆ ರಿಜೆಕ್ಟ್ ಆಯಿತು ಅಂದುಕೊಳ್ಳಬೇಡಿ, ತಿದ್ದಿ ಮತ್ತೆ ಕಳಿಸಬಹುದು. ಆದರೆ ಕೊನೆಯ ದಿನ ದಾಟಬಾರದು. ಆ ದಿನ ಸರ್ವರ್ ಹೇಗಿರುತ್ತದೆ ಅಂತ ನನ್ನನ್ನು ಕೇಳಿ ಮಾರಾಯ್ರೆ!

ಕಾರವಾರದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಇನ್ನೆರಡು ವಿಷಯ ಕೇಳಿ: ಶುಲ್ಕ ಮರುಪಾವತಿ, ಮತ್ತು ಕಣ್ಣು ಕಾಣದವರಿಗೆ ಮಾತಾಡುವ ಲ್ಯಾಪ್‌ಟಾಪ್. ಫೀ ಕಟ್ಟಿದ ರಸೀದಿ ಬಿಸಾಡಬೇಡಿ. ಬಸ್‌ಗೆ ಅಂಗವಿಕಲರ ರಿಯಾಯಿತಿ ಪಾಸ್ ಇದೆ, 100 ಕಿಲೋಮೀಟರಿನ ಒಳಗೆ. ಕುಮಟಾದಿಂದ ಕಾರವಾರಕ್ಕೋ ಶಿರಸಿಗೋ ಧಾರಾಳ, ಧಾರವಾಡದವರೆಗೆ ಸಾಲದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ.

ಬರೆಯಲು ಕಷ್ಟ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಸಿಗಬೇಕು, ಸಹಾಯಕ ಬರಹಗಾರರನ್ನೂ ಕೇಳಬಹುದು. ಪರೀಕ್ಷೆಯ ಹಿಂದಿನ ದಿನ ಅಲ್ಲ, ಪರೀಕ್ಷಾ ಫಾರ್ಮ್ ತುಂಬುವಾಗಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮುಂದಿನ ವರ್ಷ ಸ್ಕಾಲರ್‌ಶಿಪ್ ತಾನಾಗಿ ಬರುವುದಿಲ್ಲ, ರಿನೀವಲ್ ಹಾಕಬೇಕು. ಅದಕ್ಕೆ ಹಳೆಯ ಮೊಬೈಲ್ ನಂಬರಿಗೇ ಓಟಿಪಿ ಬರುತ್ತದೆ, ಆ ಸಿಮ್ ಬಿಡಬೇಡಿ.