ಅದಿರು ಲಾರಿ ದಾರಿಯಲ್ಲಿ, 100 ಸಿಸಿ ಬೈಕಿನಲ್ಲಿ

ಅಪ್ಪ ಅದಿರು ಲಾರಿ ಓಡಿಸುತ್ತಿದ್ದ. ಸಂಡೂರಿನಲ್ಲಿ ಲೋಡ್ ಮಾಡಿಕೊಂಡು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗಿ ಸುರಿದು ಬರೋದು. ಮನೆಗೆ ಬಂದಾಗ ಅವನ ಅಂಗಿ ನೆನೆಸಿದರೆ ಬಕೆಟ್ ನೀರೆಲ್ಲ ಕೆಂಪಾಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಪ್ಪನ ಲಾರಿಯೂ ನಿಂತಿತು. ಆದರೆ ಆ ದಾರಿಯ ಮಾತು ಮನೆಯಲ್ಲಿ ಇನ್ನೂ ನಡೆದೇ ಇದೆ. ಯಾವ ಧಾಬಾದಲ್ಲಿ ಸಾರು ಚೆನ್ನಾಗಿರುತ್ತೆ, ಯಾವ ತಿರುವಿನಲ್ಲಿ ಲಾರಿ ಮಗುಚಿತ್ತು, ಎಲ್ಲ ಅವನಿಗೆ ನೆನಪು.

ಕಳೆದ ಡಿಸೆಂಬರ್‌ನಲ್ಲಿ ಆ ದಾರಿಯನ್ನು ನಾನು ಬೈಕಿನಲ್ಲಿ ಹೋದೆ. ಬಳ್ಳಾರಿಯಿಂದ ಬೇಲೆಕೇರಿಗೆ ಸುಮಾರು 350 ಕಿಲೋಮೀಟರ್. ಮೊದಲು ಗುತ್ತಿಯಿಂದ ಅಂಕೋಲಾವರೆಗೂ ಒಂದೇ ಹೆದ್ದಾರಿ, ನಂಬರ್ 63. ಈಗ ಹುಬ್ಬಳ್ಳಿವರೆಗೆ 67, ಅಲ್ಲಿಂದಾಚೆ 52. ಅಪ್ಪನಿಗೆ ಇವತ್ತಿಗೂ ಅದು ಅರವತ್ಮೂರೇ.

ನನ್ನದು ಹಳೇ 100 ಸಿಸಿ ಗಾಡಿ. ನಾಲ್ಕು ಗೇರ್, ಹಿಂದೆ ಮುಂದೆ ಡ್ರಮ್ ಬ್ರೇಕ್. ಗೆಳೆಯರು ನಕ್ಕರು. 'ಬುಲೆಟ್ ಇಲ್ಲದೆ ಲಾಂಗ್ ಹೋಗ್ತೀಯೇನಲೇ' ಅಂದರು. ಹೋಗಬಹುದು. 50ರಲ್ಲಿ ಹೋದರೆ ಈ ಇಂಜಿನ್‌ಗೆ ದಣಿವೇ ಇಲ್ಲ, ದಣಿಯೋದು ಕೂತವನ ಸೊಂಟ. ಆ ವೇಗದಲ್ಲಿ ಪಕ್ಕದ ಹೊಲದಲ್ಲಿ ಏನು ಬೆಳೆದಿದೆ ಅಂತ ಕಾಣುತ್ತೆ, ಯಾರ ಮನೆಯಲ್ಲಿ ಏನು ಒಗ್ಗರಣೆ ಅಂತ ವಾಸನೆಯೂ ಗೊತ್ತಾಗುತ್ತೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋದವರಿಗೆ ಇದು ಸಿಗಲ್ಲ ಅಲ್ವಾ?

ಹೊರಡುವ ಹಿಂದಿನ ದಿನ ಚೈನ್ ಬಿಗಿ ಮಾಡಿಸಿ ಎಣ್ಣೆ ಹಾಕಿಸಿದೆ, ಆಯಿಲ್ ಬದಲಿಸಿದೆ. ಒಂದು ಟ್ಯೂಬು, ಒಂದು ಸ್ಪಾರ್ಕ್ ಪ್ಲಗ್ ಇಟ್ಟುಕೊಂಡೆ. ಕ್ಲಚ್ ಕೇಬಲ್ ಮರೆತೆ. ಬ್ಯಾಗನ್ನು ಬೆನ್ನಿಗೆ ಹಾಕಲಿಲ್ಲ, ಹಿಂದಿನ ಸೀಟಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಹೆಗಲ ಮೇಲೆ ಐದು ಕೆಜಿ ಹೊತ್ತು ನೂರು ಕಿಲೋಮೀಟರ್ ಕೂತವನಿಗೆ ಅದರ ಅರ್ಥ ಆಗುತ್ತೆ.

ಬೆಳಗ್ಗೆ ಐದಕ್ಕೆ ಹೊರಟೆ. ಪಡುವಣಕ್ಕೆ ಹೋಗೋರು ಬೇಗ ಹೊರಡಬೇಕು, ಮಧ್ಯಾಹ್ನದವರೆಗೆ ಬಿಸಿಲು ಬೆನ್ನಿಗಿರುತ್ತೆ. ಕುಡತಿನಿ, ತೋರಣಗಲ್ಲು ಹೊತ್ತಿಗೆ ಇನ್ನೂ ಕತ್ತಲು, ಕಾರ್ಖಾನೆಯ ದೀಪ ಮಾತ್ರ. ಇಲ್ಲಿ ರಸ್ತೆ ಅಂಚಿನಲ್ಲಿ ಹೋಗಬಾರದು. ಅಲ್ಲಿ ಸಣ್ಣ ಅದಿರು ಪುಡಿ ಕೂತಿರುತ್ತೆ, ಬ್ರೇಕ್ ಹಿಡಿದರೆ ರಾಗಿ ಮೇಲೆ ಕಾಲಿಟ್ಟ ಹಾಗೆ ಜಾರುತ್ತೆ. ಹೊಸಪೇಟೆ ದಾಟಿ ಮುನಿರಾಬಾದ್ ಹತ್ತಿರ ಬೆಳಕಾಯಿತು. ಕೊಪ್ಪಳದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ. ನಮ್ಮ ಬಳ್ಳಾರಿ ಉಗ್ಗಾಣಿಯ ಖಾರ ಅದಕ್ಕಿಲ್ಲ, ಆದರೆ ಹಸಿವಿತ್ತು.

ಕೊಪ್ಪಳ ಬಿಟ್ಟ ಮೇಲೆ ಶುರುವಾದದ್ದು ಗಾಳಿ. ಗದಗದ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಬಯಲು ನೆಲ, ತಡೆಯಲು ಒಂದು ಮರ ಇಲ್ಲ. ಬೈಕ್ ತೂಕ ಒಂದು ಕ್ವಿಂಟಾಲ್ ಚಿಲ್ಲರೆ, ಅಡ್ಡಗಾಳಿ ಬೀಸಿದರೆ ಅರ್ಧ ರಸ್ತೆಗೆ ತಳ್ಳುತ್ತೆ. ಹತ್ತಿ ತುಂಬಿದ ಲಾರಿ ಓವರ್‌ಟೇಕ್ ಮಾಡುವಾಗ ಇನ್ನೂ ಕಷ್ಟ. ಲಾರಿ ಮರೆಯಲ್ಲಿ ಗಾಳಿ ಒಮ್ಮೆಲೇ ನಿಲ್ಲುತ್ತೆ, ಲಾರಿ ಮುಂದೆ ಹೋದ ಕೂಡಲೇ ಕಪಾಳಕ್ಕೆ ಹೊಡೆದ ಹಾಗೆ ಬರುತ್ತೆ. ಮೊದಲ ಸಲ ಹ್ಯಾಂಡಲ್ ಬಿಗಿಯಾಗಿ ಹಿಡಿದೆ, ಗಾಡಿ ಇನ್ನೂ ಓಲಾಡಿತು. ಆಮೇಲೆ ಗೊತ್ತಾಯಿತು: ಮೊಣಕಾಲಿನಿಂದ ಟ್ಯಾಂಕನ್ನು ಅವುಚಬೇಕು, ಕೈ ಸಡಿಲ ಬಿಡಬೇಕು. ಅಣ್ಣಿಗೇರಿ ಹೊತ್ತಿಗೆ ಅದೂ ಒಂಥರಾ ಆಟವಾಯಿತು. ಎರಡೂ ಕಡೆ ಎರೆ ಹೊಲ, ಕಡಲೆ, ಒಣಗಲು ಹಾಕಿದ ಮೆಣಸಿನಕಾಯಿ. ಹೆಲ್ಮೆಟ್ ಒಳಗೇ ಸೀನಿದೆ.

ಹುಬ್ಬಳ್ಳಿಯಲ್ಲಿ ನಿಲ್ಲಲಿಲ್ಲ. ಕಲಘಟಗಿ ದಾಟಿದ ಮೇಲೆ ನೆಲ ಕೆಂಪಾಯಿತು, ತೇಗದ ಮರ ಬಂದವು, ಬೆವರು ಆರಿತು. ಬಯಲಿನವನಿಗೆ ಆ ನೆರಳು ಏನು ಸುಖ ಅಂತ ಹೇಳಲು ಬರಲ್ಲ. ಹೆಲ್ಮೆಟ್ ಗಾಜು ಎತ್ತಿ, ಬಾಯಿ ತೆರೆದುಕೊಂಡು ಹೋಗುತ್ತಿದ್ದೆ. ಹುಳ ಹೋಯಿತು.

ಕಿರವತ್ತಿ ಹತ್ತಿರ ಕ್ಲಚ್ ಕೇಬಲ್ ಕಡಿಯಿತು.

ತಪ್ಪು ನನ್ನದೇ. ಲಿವರ್ ಹತ್ತಿರ ಎಳೆ ಬಿಚ್ಚಿದ್ದು ವಾರದ ಹಿಂದೆಯೇ ನೋಡಿದ್ದೆ. ಆದರೆ ಕ್ಲಚ್ ಇಲ್ಲದೆಯೂ ಇಂಥ ಗಾಡಿ ಹೋಗುತ್ತೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಎರಡೂ ಕಾಲಿನಿಂದ ತಳ್ಳಿಕೊಂಡು ನಾಲ್ಕು ಮಾರು ಓಡಬೇಕು. ಗಾಡಿ ಉರುಳುವಾಗ ಧೈರ್ಯವಾಗಿ ಒಂದನೇ ಗೇರ್ ತುಳಿಯಬೇಕು. ಒಮ್ಮೆ ಜಗ್ಗುತ್ತೆ, ಆಮೇಲೆ ಸರಿ. ಮುಂದಿನ ಗೇರಿಗೆ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಇಂಜಿನ್ ಸದ್ದು ತಗ್ಗುವ ಕ್ಷಣದಲ್ಲಿ ತುಳಿದರೆ ಬೆಣ್ಣೆಯಂತೆ ಬೀಳುತ್ತೆ. ಇಳಿಸುವಾಗ ಉಲ್ಟಾ, ಚೂರು ಆಕ್ಸಿಲರೇಟರ್ ಕೊಟ್ಟು ಹಿಮ್ಮಡಿಯಿಂದ ಒತ್ತಬೇಕು. ಯಲ್ಲಾಪುರವರೆಗೆ ಹಾಗೇ ಹೋದೆ. ಹಂಪ್‌ಗಳಲ್ಲಿ ದೇವರ ಹೆಸರು. ಸಂತೆ ಪೇಟೆಯ ಗದ್ದಲದಲ್ಲಿ ಮಾತ್ರ ಈ ಸಾಹಸ ಬೇಡ, ಅಲ್ಲಿ ಇಳಿದು ತಳ್ಳೋದೇ ಸರಿ.

ಯಲ್ಲಾಪುರದ ಮೆಕ್ಯಾನಿಕ್ ಕೇಬಲ್ ಕೈಯಲ್ಲಿ ಹಿಡಿದು ನೋಡಿದರು. 'ತಮಾ, ಇದಕ್ಕೆ ಎಣ್ಣೆ ಬಿಟ್ಟು ಎಷ್ಟು ವರ್ಷ ಆಯ್ತು?' ಅಂದರು. ಉತ್ತರ ಕೊಡಲಿಲ್ಲ. ಹೊಸದು ಹಾಕಿಸಿಕೊಂಡೆ, ಇನ್ನೊಂದನ್ನು ಕೊಂಡು ಟ್ಯಾಂಕಿನ ಪಕ್ಕಕ್ಕೆ ಕಟ್ಟಿದೆ. ಕತ್ತಲಲ್ಲಿ ಘಾಟಿ ಇಳಿಯುವುದು ಬೇಡ ಅಂತ ಅಲ್ಲೇ ಲಾಡ್ಜ್‌ನಲ್ಲಿ ಉಳಿದೆ.

ಮರುದಿನ ಅರಬೈಲ್ ಘಾಟಿ. ಅಪ್ಪ ಇದನ್ನು 'ಹೆಂಡ್ತಿ ಮಕ್ಕಳನ್ನ ನೆನೆಸೋ ಜಾಗ' ಅನ್ನುತ್ತಿದ್ದ. ಮಂಜು, ತೇವದ ರಸ್ತೆ, ತಿರುವಿನ ಮೇಲೆ ತಿರುವು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರನ್ನು ನೋಡಿದೆ. ಹಾಗೆ ಇಳಿದರೆ ಪೂರ್ತಿ ಭಾರ ಡ್ರಮ್ ಬ್ರೇಕ್ ಮೇಲೆ. ಅದು ಕಾದರೆ ಎಷ್ಟು ಒತ್ತಿದರೂ ಹಿಡಿಯಲ್ಲ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ, ಇದು ಲಾರಿಯವರ ಲೆಕ್ಕ. ಎರಡನೇ ಗೇರಿನಲ್ಲಿ ಇಂಜಿನ್ ಗುರ್ ಗುರ್ ಅನ್ನುತ್ತಾ ಗಾಡಿಯನ್ನು ತಾನೇ ತಡೆದು ಹಿಡಿಯಿತು, ಬ್ರೇಕ್ ಮುಟ್ಟಿದ್ದು ಕಡಿಮೆ.

ಕೆಳಗೆ ಗಂಗಾವಳಿ ಸಿಕ್ಕಳು. ಧಾರವಾಡದ ಕಡೆ ಶಾಲ್ಮಲೆ, ಯಲ್ಲಾಪುರದ ಕಡೆ ಬೇಡ್ತಿ, ಇಲ್ಲಿ ಗಂಗಾವಳಿ. ನಮ್ಮ ಅರವತ್ಮೂರರ ಹಾಗೆ ಹೆಸರು ಬದಲಿಸಿಕೊಂಡೇ ಬಂದವಳು. ತೆಂಗು ಬಂತು, ಉಪ್ಪಿನ ಗಾಳಿ ಬಂತು. ಬೇಲೆಕೇರಿಯಲ್ಲಿ ಕಡಲ ಹತ್ತಿರ ಸ್ಟ್ಯಾಂಡ್ ಹಾಕಿದಾಗ ಇಂಜಿನ್ ಟಿಕ್ ಟಿಕ್ ಅಂತ ತಣ್ಣಗಾಗುತ್ತಿತ್ತು. ಆರು ಲೀಟರ್ ಮೇಲೆ ಸ್ವಲ್ಪ ಪೆಟ್ರೋಲ್ ಖರ್ಚಾಗಿತ್ತು. ಕೈ ಇನ್ನೂ ಜುಮ್ ಅನ್ನುತ್ತಿತ್ತು. ಮೀನುಗಾರರ ದೋಣಿ, ಬಲೆ, ನಾಯಿ. ಅಪ್ಪ ಹೇಳಿದ್ದ ಲಾರಿಗಳ ಸಾಲು ಎಲ್ಲಿ ನಿಲ್ಲುತ್ತಿತ್ತೋ ಗೊತ್ತಾಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಸಮುದ್ರದ ಸದ್ದು ಕೇಳಿಸಿದೆ. ಅವನಿಗೆ ಅದು ಬೇಕಿರಲಿಲ್ಲ.

'ಘಾಟಿನಾಗ ಎಷ್ಟನೇ ಗೇರ್?' ಅಂದ.

'ಎರಡನೇದು.'

'ಹಾಂ. ಊಟ ಮಾಡು.'