ಪ್ರಾರ್ಥನೆ ಮಾಡಲು ಬರುವುದಿಲ್ಲ ಎನ್ನುವವರಿಗೆ

ಮನೆ ಪ್ರಾರ್ಥನಾ ಕೂಟದಲ್ಲಿ 'ಈಗ ಯಾರಾದರೂ ಒಬ್ಬರು ಪ್ರಾರ್ಥನೆ ಮಾಡಿ' ಎಂದರೆ ಸಾಕು, ಅರ್ಧ ಜನ ತಲೆ ತಗ್ಗಿಸಿಬಿಡುತ್ತಾರೆ. ದಾವಣಗೆರೆಯಾದರೂ ಅಷ್ಟೇ, ಚಿತ್ರದುರ್ಗವಾದರೂ ಅಷ್ಟೇ. 'ನಮಗೆಲ್ಲಿ ಬರುತ್ತೆ, ನೀವೇ ಮಾಡಿ ಪಾಸ್ಟರ್' ಎನ್ನುತ್ತಾರೆ. ಈ ಲೇಖನ ಅವರಿಗಾಗಿಯೇ.

ಯೇಸುವಿನ ಶಿಷ್ಯರೂ ಕೇಳಿಯೇ ಕಲಿತವರು. 'ಕರ್ತನೇ, ನಮಗೂ ಪ್ರಾರ್ಥನೆ ಮಾಡುವುದನ್ನು ಕಲಿಸು' ಎಂದು ಅವರು ಕೇಳಿದ್ದು ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಬೈಬಲಿನ ಕೀರ್ತನೆಗಳನ್ನು ಕೇಳಿಕೊಂಡೇ ಬೆಳೆದ ಯೆಹೂದ್ಯರು ಅವರು. ಅಂಥವರೇ ಕೇಳಿದ ಮೇಲೆ ನಮಗೇನು ಸಂಕೋಚ?

ಮೊದಲು ಹೊತ್ತು, ಜಾಗ

ಪುರುಸೊತ್ತು ಸಿಕ್ಕಾಗ ಮಾಡುತ್ತೇನೆ ಎಂದರೆ ಆಗುವುದಿಲ್ಲ. ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ದಾನಿಯೇಲನು ದಿನಕ್ಕೆ 3 ಸಲ ಮೊಣಕಾಲೂರುತ್ತಿದ್ದನು. ಕಪೆರ್ನೌಮಿನಲ್ಲಿ ರೋಗಿಗಳೊಂದಿಗೆ ಊರಿಗೆ ಊರೇ ಬಾಗಿಲಿಗೆ ಬಂದ ರಾತ್ರಿ ಕಳೆದು, ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬನೇ ಹೋಗಿ ಪ್ರಾರ್ಥಿಸಿದನು. ಹಾಗಂತ ಎಲ್ಲರೂ ನಸುಕಿನಲ್ಲೇ ಏಳಬೇಕೆಂದಿಲ್ಲ. ಆ ಹೊತ್ತಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಶುರುಮಾಡಿರುವವರಿಗೆ ಮಧ್ಯಾಹ್ನವೋ ಸಂಜೆಯೋ ಸರಿಹೋಗಬಹುದು. ಶುರುವಿಗೆ 10 ನಿಮಿಷ ಸಾಕು. ಆದರೆ ದಿನವೂ ಅದೇ ಹೊತ್ತು.

'ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ' ಎಂದು ಯೇಸು ಹೇಳಿದ್ದುಂಟು. ಒಂದೇ ಕೋಣೆಯ ಮನೆಯಲ್ಲಿ ಐದು ಜನ ಇದ್ದರೆ? ಹಿತ್ತಲಿದೆ, ಮಾಳಿಗೆ ಇದೆ. ಬೇಸಿಗೆಯಲ್ಲಿ ದುರ್ಗದ ಮಾಳಿಗೆ ರಾತ್ರಿಯಾದರೂ ಆರುವುದಿಲ್ಲ, ಹಾಗಾಗಿ ಅಲ್ಲಿ ಬೆಳಗಿನ ಹೊತ್ತೇ ಹಿತ. ಮೊಬೈಲ್ ಮಾತ್ರ ಕೆಳಗೇ ಇರಲಿ.

ಮೊಣಕಾಲೂರಬೇಕಾ, ಕೂರಬೇಕಾ, ನಿಂತರೆ ನಡೆಯುತ್ತದಾ ಎಂದು ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೊಣಕಾಲು ನೋವಿರುವವರು ಕುರ್ಚಿಯ ಮೇಲೆ ಕೂತೇ ಮಾಡಲಿ. ದನಿಯ ಮಾತೂ ಅಷ್ಟೇ. ಬೈಬಲಿನಲ್ಲಿ, ಮಕ್ಕಳಿಲ್ಲದೆ ನೊಂದಿದ್ದ ಹನ್ನಳು ಬರೀ ತುಟಿ ಆಡಿಸುತ್ತಾ ಪ್ರಾರ್ಥಿಸಿದಳು. ಯಾಜಕನಾದ ಏಲಿಯೇ ಅವಳು ಕುಡಿದಿದ್ದಾಳೆ ಅಂದುಕೊಂಡನು. ದೇವರು ಹಾಗೆ ಅಂದುಕೊಳ್ಳಲಿಲ್ಲ.

ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ

'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುಮಾಡಿ ಅರ್ಧ ನಿಮಿಷದಲ್ಲಿ ಆಮೆನ್ ಹೇಳುವುದು ನಮಗೆಲ್ಲ ರೂಢಿ. ಅದನ್ನೇ ಬಿಡಿಸಿ, ಒಂದೊಂದು ಸಾಲಿನ ಬಳಿ ನಿಂತು ಹೇಳಿ ನೋಡಿ. ಮೊದಲ ಮೂರು ಬೇಡಿಕೆ ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತದ ಕುರಿತು. ನಮ್ಮ ಊಟದ ಸರದಿ ಬರುವುದು ಆಮೇಲೆ. ನಾವು ಉಲ್ಟಾ ಮಾಡುತ್ತೇವೆ, ಅಲ್ವಾ? ಮಗಳ ಸೀಟು, ಮನೆ ಸಾಲ, ಮೆಕ್ಕೆಜೋಳದ ರೇಟು ಎಲ್ಲ ಮೊದಲು ಹೇಳಿ, ಸಮಯ ಉಳಿದರೆ ಸ್ತೋತ್ರ. ಆಹಾರದ ಸಾಲಿಗೆ ಬಂದಾಗ ಅವೆಲ್ಲವನ್ನೂ ಧಾರಾಳವಾಗಿ ಹೇಳಿ. ಅವಕ್ಕೆ ಅಲ್ಲಿ ಜಾಗ ಇದ್ದೇ ಇದೆ.

ಕ್ಷಮೆಯ ಸಾಲಿಗೆ ಬಂದಾಗ ಹೆಚ್ಚು ಹೊತ್ತು ನಿಲ್ಲಿ. ಮತ್ತಾಯನ 6ನೇ ಅಧ್ಯಾಯದಲ್ಲಿ ಈ ಪ್ರಾರ್ಥನೆ ಮುಗಿದ ಕೂಡಲೇ ಯೇಸು ಮತ್ತೆ ವಿವರಿಸುವುದು ಇದೊಂದೇ ಸಾಲನ್ನು: ನೀವು ಜನರನ್ನು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣನ ಹೆಸರನ್ನು ಇಲ್ಲಿ ಬಾಯಿಬಿಟ್ಟು ಹೇಳಬೇಕು. ಕ್ಷಮಿಸಲು ಮನಸ್ಸಾಗದಿದ್ದರೆ, 'ಆಗ್ತಿಲ್ಲ ತಂದೆಯೇ, ಸಹಾಯ ಮಾಡು' ಎನ್ನಿ. ಅದೂ ಪ್ರಾರ್ಥನೆಯೇ. ನನ್ನ ಮಟ್ಟಿಗೆ, ಹೆಸರು ಹೇಳದೆ 'ಎಲ್ಲರನ್ನೂ ಕ್ಷಮಿಸಿದ್ದೇನೆ' ಎನ್ನುವುದಕ್ಕಿಂತ ಅದು ಎಷ್ಟೋ ಮೇಲು.

ದೂರುವುದಿದ್ದರೆ ದೂರಿ

ಸ್ವಂತ ಮಾತು ಬರದ ದಿನ ಕೀರ್ತನೆಗಳಿಂದ ಎರವಲು ಪಡೆಯಿರಿ. ಅಲ್ಲಿರುವ 150ರಲ್ಲಿ ಅಳು, ದೂರು, ಜಗಳ ಬೇಕಾದಷ್ಟಿವೆ. ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಎಂದು 13ನೇ ಕೀರ್ತನೆ ನೇರವಾಗಿ ಕೇಳುತ್ತದೆ. 88ನೆಯದಂತೂ ಸಮಾಧಾನದ ಒಂದು ಮಾತಿಲ್ಲದೆ ಕತ್ತಲಲ್ಲೇ ಮುಗಿದುಹೋಗುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತನ್ನು. ಚಳ್ಳಕೆರೆ ಕಡೆ ಮಳೆ ಕೈಕೊಟ್ಟು ಶೇಂಗಾ ಒಣಗಿದಾಗ, ಬೋರ್‌ವೆಲ್‌ನಲ್ಲಿ ಬರೀ ಧೂಳು ಬಂದಾಗ, ಮುಖ ಗಂಟಿಕ್ಕಿಕೊಂಡು ಸುಮ್ನೆ 'ಸ್ತೋತ್ರ ಕರ್ತನೇ' ಎನ್ನಬೇಕಾಗಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿ. ದೂರುವವನೂ ದೇವರ ಕಡೆಗೇ ತಿರುಗಿ ದೂರುತ್ತಿದ್ದಾನೆ.

ಪದ್ಧತಿಗಳು ಬೇರೆ ಬೇರೆ ಇವೆ. ಹರಿಹರದ ಆರೋಗ್ಯ ಮಾತೆಯ ಬಸಿಲಿಕದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರ ಕೈಯಲ್ಲಿ ಜಪಮಾಲೆ ಇರುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಆರಾಧನಾ ಕ್ರಮದ ಪುಸ್ತಕ ಹಿಡಿದು ಓದುತ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ದನಿ ಎತ್ತುತ್ತಾರೆ. ನೀವು ಬೆಳೆದ ಪದ್ಧತಿಯಲ್ಲೇ ಶುರುಮಾಡಿ. ಕೂಟದಲ್ಲಿ ಗಟ್ಟಿಯಾಗಿ ಮಾಡಬೇಕಾಗಿ ಬಂದರೆ ನಾಲ್ಕು ವಾಕ್ಯ ಸಾಕು: ಒಂದು ಉಪಕಾರಕ್ಕೆ ಸ್ತೋತ್ರ, ಒಂದು ತಪ್ಪಿನ ಒಪ್ಪಿಗೆ, ಅಲ್ಲಿರುವ ಒಬ್ಬರಿಗಾಗಿ ಒಂದು ಬೇಡಿಕೆ, ಯೇಸುವಿನ ನಾಮದಲ್ಲಿ ಆಮೆನ್. ಜಾಸ್ತಿ ಮಾತಿನಿಂದ ದೇವರು ಕೇಳುತ್ತಾನೆ ಎಂದುಕೊಳ್ಳಬೇಡಿ ಎಂದು ಯೇಸುವೇ ಹೇಳಿದ್ದಾನಲ್ಲ.

ಬೇಡಿದ್ದು ಸಿಗದಿದ್ದರೆ

ಪ್ರಾರ್ಥನೆಗೆ ಶಕ್ತಿ ಇದೆ ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ಆ ಶಕ್ತಿ ನಮ್ಮ ಗಂಟಲಿನದ್ದಲ್ಲ, ಉಪವಾಸದ ದಿನಗಳ ಲೆಕ್ಕದ್ದೂ ಅಲ್ಲ. ಅಪೊಸ್ತಲನಾದ ಪೌಲನು, ಶರೀರದಲ್ಲಿ ನಾಟಿದ ಮುಳ್ಳು ಎಂದು ತಾನು ಕರೆದ ಬಾಧೆಯನ್ನು ತೆಗೆದುಹಾಕೆಂದು 3 ಸಲ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕೇಳಿಕೊಂಡರೂ, ಅವನು 'ಪಾತ್ರೆ' ಎಂದು ಕರೆದ ಆ ಸಂಕಟ ದೂರವಾಗಲಿಲ್ಲ. ಆದರೆ ತನ್ನನ್ನು ಹಿಡಿಯಲು ಬಂದವರ ಎದುರಿಗೆ ಅವನು ತಾನಾಗಿಯೇ ಎದ್ದು ಹೋದನು. ಹಾಗಾಗಿ, ಬೇಡಿದ್ದು ಸಿಗದ ಮನೆಯವರಿಗೆ 'ನಿಮ್ಮ ನಂಬಿಕೆ ಸಾಲದು' ಎಂದು ದಯವಿಟ್ಟು ಯಾರೂ ಹೇಳಬೇಡಿ. ಅಂಥ ಮಾತು ನೊಂದವರನ್ನು ಇನ್ನಷ್ಟು ನೋಯಿಸುತ್ತದೆ.

ಆಸ್ಪತ್ರೆಯಲ್ಲಿ

ಸುತ್ತಲ ಜಿಲ್ಲೆಗಳಿಂದ ಜನ ದೊಡ್ಡ ಕಾಯಿಲೆಗೆ ದಾವಣಗೆರೆಗೆ ಬರುತ್ತಾರೆ. ಹಾಗಾಗಿ ಇಲ್ಲಿನ ವಿಶ್ವಾಸಿಗಳಿಗೆ ವಾರ್ಡಿನಲ್ಲಿ ಪ್ರಾರ್ಥನೆ ಮಾಡುವ ಕರೆ ಬರುತ್ತಲೇ ಇರುತ್ತದೆ. ಮೊದಲು ರೋಗಿಯನ್ನು ಕೇಳಿ: 'ಪ್ರಾರ್ಥನೆ ಮಾಡ್ಲಾ ಅಮ್ಮಾ?' ಬೇಡ ಎಂದರೆ ಒತ್ತಾಯ ಮಾಡಬೇಡಿ, ಜೊತೆಗೆ ಕೂತು ಬನ್ನಿ. ಪಕ್ಕದ ಮಂಚದಲ್ಲಿ ಬೇರೆ ಧರ್ಮದವರು ಇರುತ್ತಾರೆ, ನಿದ್ದೆ ಬಾರದವರೂ ಇರುತ್ತಾರೆ. ದನಿ ತಗ್ಗಿರಲಿ, ಎರಡು ನಿಮಿಷದಲ್ಲಿ ಮುಗಿಯಲಿ. ರೋಗಿಯ ಹೆಸರು ಹೇಳಿ, ಡಾಕ್ಟರಿಗಾಗಿ, ನರ್ಸಿಗಾಗಿ ಬೇಡಿ. ವಾಸಿಯಾಗೇ ಆಗುತ್ತದೆ ಎಂದು ದೇವರ ಪರವಾಗಿ ಮಾತು ಕೊಡಬೇಡಿ. ಮಾತ್ರೆ ನಿಲ್ಲಿಸಿ ಎಂದಂತೂ ಎಂದಿಗೂ ಹೇಳಬೇಡಿ. ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಯಾಕೋಬನು ಬರೆದ, ನಿಜ. ಪೌಲನ ಜೊತೆಗಿದ್ದ ಲೂಕನು ವೈದ್ಯನಾಗಿದ್ದನು, ಅದೂ ನಿಜ.

ಮನೆಗೆ ಬಂದ ಮೇಲೆ ಆ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಿನದ ಪ್ರಾರ್ಥನೆಗೆ ಸೇರಿಸಿಕೊಳ್ಳಿ. ಹೆಸರಿನ ಮುಂದೆ ನಿಮ್ಮಿಂದ ಆಗುವ ಒಂದು ಕೆಲಸವನ್ನೂ ಬರೆಯಿರಿ: ಬುತ್ತಿ ಒಯ್ಯುವುದು, ರಕ್ತ ಕೊಡುವುದು, ಕಾಯುತ್ತಿರುವ ಮಗ ಒಂದು ರಾತ್ರಿ ಮನೆಗೆ ಹೋಗಿ ಮಲಗಲೆಂದು ಅವನ ಬದಲು ನೀವು ಉಳಿಯುವುದು.