ನಾಳೆ ತ್ರೀಫೇಸ್ ಎಷ್ಟು ಹೊತ್ತಿಗೆ?

ರೇಡಿಯೋ ಕೆಲಸ ಮಾಡುವವರಿಗೆ ಕರೆಂಟ್ ಅಂದರೆ ಮೊದಲು ನೆನಪಾಗೋದು ಒಂದು ಸದ್ದು. ರೆಕಾರ್ಡಿಂಗ್ ಮಾಡುವಾಗ ಹೆಡ್‌ಫೋನಿನಲ್ಲಿ ‘ಮ್‌...’ ಅಂತ ಒಂದೇ ಸಮನೆ ಕೇಳಿಸುತ್ತದಲ್ಲ, ಅದು. ನಾವು ಅದನ್ನು ಹಮ್ ಅನ್ನುತ್ತೇವೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಬರುತ್ತದೆ. ಮೈಕಿನ ವೈರು ಕರೆಂಟಿನ ವೈರಿನ ಪಕ್ಕದಲ್ಲೇ ಹೋಗಿದ್ದರೂ ಬರುತ್ತದೆ. ರಾಯಚೂರಿನಲ್ಲಿ ನಾನು 19 ವರ್ಷದಿಂದ ಕಾರ್ಯಕ್ರಮ ಮಾಡುತ್ತಿದ್ದೇನೆ. ಅಷ್ಟೂ ವರ್ಷ ಆ ಸದ್ದನ್ನು ಓಡಿಸುವುದೇ ಕೆಲಸವಾಗಿತ್ತು. ಹೋದ ಬೇಸಿಗೆಯಲ್ಲಿ ಮಾತ್ರ ಅದನ್ನೇ ಹುಡುಕಿಕೊಂಡು ಹೋಗಿ ರೆಕಾರ್ಡ್ ಮಾಡಿಕೊಂಡು ಬಂದೆ.

ಸ್ಮಾರ್ಟ್ ಗ್ರಿಡ್, ಅಂದರೆ ತನ್ನ ಸ್ಥಿತಿ ತಾನೇ ಅಳೆದು ತಿಳಿಸುವ, ಮುಂದೆ ಬರಲಿರುವ ಕರೆಂಟಿನ ಜಾಲದ ಬಗ್ಗೆ ಒಂದು ಗಂಟೆಯ ನೇರ ಚರ್ಚೆ ನಡೆಸಬೇಕಿತ್ತು. ಅದಕ್ಕೂ ಮೊದಲು ಇದೇ ವಿಷಯದ ಮೇಲೆ ಅರ್ಧ ಗಂಟೆ ಮಾತುಕತೆ ಮಾಡಿಸಿದ್ದೆ. ಮೂವರು ತಜ್ಞರು ಬಂದಿದ್ದರು. ಮೂವರಿಗೂ ವಿಷಯ ಚೆನ್ನಾಗಿ ಗೊತ್ತಿತ್ತು. ಆದರೆ ಡಿಮ್ಯಾಂಡ್ ರೆಸ್ಪಾನ್ಸ್, ಸ್ಕಾಡಾ, ಲೋಡ್ ಕರ್ವ್ ಅಂತ ಅವರವರೇ ಮಾತಾಡಿಕೊಂಡರು. ನಾನೂ ತಡೆಯಲಿಲ್ಲ. ಕೇಳುಗರಿಂದ ಒಂದು ಕರೆಯೂ ಬರಲಿಲ್ಲ. ಸಿಂಧನೂರಿನಿಂದ ಅವ್ವ ಮಾತ್ರ ಫೋನ್ ಮಾಡಿ ಕೇಳಿದಳು: “ಯವ್ವಾ, ನಮ್ಮನಿ ಮೀಟರ್ ಕಿತ್ಕೊಂಡು ಹೋಗ್ತಾರೇನು? ಹೊಸಾದು ಹಾಕಿದ್ರ ಬಿಲ್ಲು ಜಾಸ್ತಿ ಬರ್ತೈತೇನು?” ಇಡೀ ಅರ್ಧ ಗಂಟೆಯಲ್ಲಿ ಎಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಸಲ ಕ್ರಮ ಬದಲಿಸಿದೆ. ಮೊದಲು ಕೇಳುಗರ ದನಿ, ಆಮೇಲೆ ತಜ್ಞರು. ಎರಡು ವಾರ ರೆಕಾರ್ಡರ್ ಹಿಡಿದು ಶಕ್ತಿನಗರ, ಮಾನ್ವಿ, ಸಿಂಧನೂರು, ಕಾರಟಗಿಯ ಅಕ್ಕಿ ಗಿರಣಿ ಅಂತ ತಿರುಗಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ಕರೆಂಟಿನವರನ್ನು ಏನು ಕೇಳಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ? ಉತ್ತರ 40 ಸೆಕೆಂಡು ದಾಟದಂತೆ ನೋಡಿಕೊಂಡೆ. ಬಯಲಿನಲ್ಲಿ ಗಾಳಿ ಜಾಸ್ತಿ, ಮೈಕಿಗೆ ಹತ್ತಿ ಬಟ್ಟೆ ಸುತ್ತಬೇಕಾಯಿತು.

ಚರ್ಚೆಗೆ ಕರೆದವರಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್. ಲೋಡ್ ಡಿಸ್ಪ್ಯಾಚ್‌ನಲ್ಲಿ ಅಂದರೆ ಬಳಕೆಗೂ ಉತ್ಪಾದನೆಗೂ ಸರಿದೂಗಿಸುವ ಕೇಂದ್ರದಲ್ಲಿ ವರ್ಷಗಟ್ಟಲೆ ಪಾಳಿ ಮಾಡಿದವರು. ಅವರ ಮನೆಗೆ ಹೋಗಿ ಕೂತಾಗ ನನಗೆ ಮೊದಲು ಹೇಳಿಕೊಟ್ಟದ್ದು 50 ಅನ್ನುವ ಸಂಖ್ಯೆ. ಇಡೀ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಬಳಕೆ ಜಾಸ್ತಿಯಾದರೆ ಈ ಸಂಖ್ಯೆ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ. 49.90ರಿಂದ 50.05ರ ನಡುವೆ ಇರಬೇಕು ಅಂತ ನಿಯಮ. ಬೆಂಗಳೂರಿನಲ್ಲಿ ಕೂತವರೂ ದಿಲ್ಲಿಯಲ್ಲಿ ಕೂತವರೂ ಹಗಲು ರಾತ್ರಿ ಇದೇ ಅಂಕಿ ನೋಡುತ್ತಾ ಇರುತ್ತಾರಂತೆ.

ಇದನ್ನು ಅವ್ವನಿಗೆ ತಿಳಿಯುವಂತೆ ರೇಡಿಯೋದಲ್ಲಿ ಹೇಗೆ ಹೇಳೋದು? ಉತ್ತರ ಸಿಕ್ಕಿದ್ದು ಮಾನ್ವಿ ಕಡೆಯ ಒಂದು ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ. ಹಳೇ ಡೀಸೆಲ್ ಎಂಜಿನ್ನಿನ ಗಿರಣಿ. ಹೆಣ್ಣುಮಗಳೊಬ್ಬಳು ಒಂದು ಪುಟ್ಟಿ ಜೋಳವನ್ನು ಒಮ್ಮೆಲೇ ಸುರಿದಳು. ಎಂಜಿನ್ನಿನ ದನಿ ಕುಗ್ಗಿತು. ಒಂದು ಕ್ಷಣ ಬಿಟ್ಟು ಎಂಜಿನ್ ಜಾಸ್ತಿ ಎಣ್ಣೆ ಎಳೆದುಕೊಂಡಿತು, ದನಿ ಮತ್ತೆ ಮೊದಲಿನಂತಾಯಿತು. ಗ್ರಿಡ್ಡಿನಲ್ಲಿ ನಡೆಯೋದೂ ಇದೇ. ಅಲ್ಲಿ ಜೋಳದ ಬದಲು ನಮ್ಮೆಲ್ಲರ ಫ್ಯಾನು, ಮೋಟರು, ಮಿಲ್ಲು. ಆ 20 ಸೆಕೆಂಡಿನ ಸದ್ದಿಗಾಗಿ ಗಿರಣಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತೆ. ಇಡೀ ಕಾರ್ಯಕ್ರಮದಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದಿಲ್ಲ.

ಟ್ರಾನ್ಸ್‌ಫಾರ್ಮರ್ ಸದ್ದನ್ನೂ ಹಿಡಿದೆ, ಅನುಮತಿ ಪಡೆದು, ಬೇಲಿಯ ಹೊರಗೇ ನಿಂತು. ಅದರೊಳಗಿನ ಕಬ್ಬಿಣ ಕರೆಂಟಿನ ಒಂದೊಂದು ತೂಗಿಗೂ ಎರಡೆರಡು ಸಲ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಸದ್ದು 50ರದ್ದಲ್ಲ, 100ರದ್ದು. ಅಷ್ಟು ತಗ್ಗಿನ ಸದ್ದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಿಸೋದೇ ಇಲ್ಲ. ಅದರ ಜೊತೆಗಿರುವ 200, 300ರ ಮೇಲುದನಿಗಳನ್ನು ಎಡಿಟಿಂಗಿನಲ್ಲಿ ಸ್ವಲ್ಪ ಎತ್ತಿದೆ. ಎತ್ತಿದ್ದೇನೆ ಅಂತ ಪ್ರಸಾರದಲ್ಲೂ ಹೇಳಿದೆ.

ಚರ್ಚೆಯ ದಿನ ಮೇಜಿನ ಸುತ್ತ ಐದು ಜನ. ಎಂಜಿನಿಯರ್ ಸಾಹೇಬರು, ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಮೇಡಂ, ಒಬ್ಬ ಲೈನ್‌ಮ್ಯಾನ್, ಬಳ್ಳಾರಿಯಿಂದ ಬಂದ ಟಿವಿ ವರದಿಗಾರ, ಮಾನ್ವಿ ತಾಲೂಕಿನ ಒಬ್ಬ ರೈತ. ಲೈನ್‌ಮ್ಯಾನ್ ಅಣ್ಣ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿದ್ದರು. “ಸಾಹೇಬ್ರ ಮುಂದ ನಾನೇನ್ ಮಾತಾಡ್ಲಿ ಮೇಡಂ” ಅಂದರು. ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪ್ರಶ್ನೆ ಅವರಿಂದಲೇ ಕೇಳಿಸಿದೆ. ಇದನ್ನು ಮೊದಲೇ ಯೋಚಿಸಿ ಇಟ್ಟಿದ್ದೆ. ದೊಡ್ಡವರು ಮೊದಲು ಮಾತಾಡಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾ ಕೂತುಬಿಡುತ್ತಾರೆ.

ಅವರು ಕೇಳಿದ್ದು ಇದು: “ಮನಿ ಮನಿ ಮ್ಯಾಲ ಸೋಲಾರ್ ಬರಾಕತ್ತಾವ. ನಾವು ಲೈನ್ ಆಫ್ ಮಾಡಿ ಕಂಬ ಹತ್ತಿರ್ತೀವಿ. ಹಿಂದಿಂದ ಅವರ ಮನಿ ಕರೆಂಟ್ ನಮ್ಮ ಲೈನಿಗಿ ಬರಂಗಿಲ್ಲೇನ್ರಿ?”

ಸ್ಟುಡಿಯೋದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೇಡಂ ಬಿಡಿಸಿ ಹೇಳಿದರು. ಗ್ರಿಡ್ಡಿಗೆ ಜೋಡಿಸುವ ಸೋಲಾರ್ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇದೆಯಾ ಅಂತ ಸದಾ ನೋಡುತ್ತಿರುತ್ತದೆ. ಹೋದ ತಕ್ಷಣ, ಎರಡು ಸೆಕೆಂಡಿನೊಳಗೆ, ತಾನೂ ನಿಲ್ಲಬೇಕು. ಹಾಗಂತ ನಿಯಮವೇ ಇದೆ. ಸಾಹೇಬರು ಮಧ್ಯೆ ಬಂದು, “ಯಂತ್ರ ನಿಂತೈತಿ ಅಂತ ನಂಬಿ ಮುಟ್ಟಬ್ಯಾಡ ತಮ್ಮಾ. ಎರಡೂ ಕಡಿ ಅರ್ಥ್ ಮಾಡಿ, ಟೆಸ್ಟರ್ ಹಚ್ಚಿ ನೋಡಿನೇ ಹತ್ತು. ಜನರೇಟರ್ ತಪ್ಪು ಜೋಡಿಸಿದ ಮನಿಗಳೂ ಇರ್ತಾವ” ಅಂದರು. ತಮ್ಮಾ ಅಂದ ಆ ದನಿಯಲ್ಲಿ ಎಷ್ಟು ಕಾಳಜಿ ಇತ್ತು ಅಂದರೆ, ಚರ್ಚೆ ಸರಿ ದಾರಿಗೆ ಬಿತ್ತು ಅಂತ ಆಗಲೇ ನನಗೆ ಅನಿಸಿತು.

ಅವ್ವನ ಪ್ರಶ್ನೆಗೆ ಉತ್ತರ ಮೇಡಂ ಕೊಟ್ಟರು. ಸ್ಮಾರ್ಟ್ ಮೀಟರ್ ಅಳೆಯೋದು ಅದೇ ಯೂನಿಟ್ಟನ್ನು. ಹಳೇ ಮೀಟರ್ ನಿಧಾನವಾಗಿ ಓಡುತ್ತಿದ್ದರೆ ಮಾತ್ರ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ತಿಂಗಳಿಗೊಮ್ಮೆ ಓದುವ ಬದಲು 15 ಅಥವಾ 30 ನಿಮಿಷಕ್ಕೊಮ್ಮೆ ಲೆಕ್ಕ ಇಟ್ಟು ಕಳಿಸುತ್ತದೆ. ಇದರಿಂದ ಹೊತ್ತಿಗೊಂದು ದರ ಹಾಕಲು ಬರುತ್ತದೆ. 2023ರ ಕೇಂದ್ರದ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ಕರೆಂಟಿಗೆ ಶೇ. 10ರಿಂದ 20ರಷ್ಟು ಕಡಿಮೆ ದರ, ಸಂಜೆ ಬಳಕೆ ಹೆಚ್ಚಿರುವ ಹೊತ್ತಿನಲ್ಲಿ ಅಷ್ಟೇ ಜಾಸ್ತಿ. ಕಾರಟಗಿಯ ಗಿರಣಿ ಮಾಲೀಕರು ರೆಕಾರ್ಡಿಂಗಿನಲ್ಲಿ ಕೇಳಿದ್ದೂ ಇದನ್ನೇ, ಪಾಳಿಯನ್ನು ಹಗಲಿಗೆ ತಂದರೆ ಉಳಿತಾಯ ಆಗುತ್ತಾ ಅಂತ. ಟಿವಿ ವರದಿಗಾರರು ಇನ್ನೊಂದು ಪ್ರಶ್ನೆ ಎತ್ತಿದರು. ಅರ್ಧ ಗಂಟೆಗೊಮ್ಮೆ ಲೆಕ್ಕ ಹೋದರೆ ಯಾವ ಮನೆಯಲ್ಲಿ ಯಾವಾಗ ಜನ ಇರೋದಿಲ್ಲ ಅಂತಲೂ ಗೊತ್ತಾಗುತ್ತದಲ್ಲ, ಆ ಲೆಕ್ಕವನ್ನು ಕಾಯೋರು ಯಾರು? ಮೇಡಂ ಅದನ್ನು ತೇಲಿಸಲಿಲ್ಲ. ಕೇಳಲೇಬೇಕಾದ ಪ್ರಶ್ನೆ, ಮೀಟರ್ ಹಾಕುವ ಮೊದಲೇ ಕೇಳಬೇಕಾದದ್ದು ಅಂದರು.

ಶಕ್ತಿನಗರದ ಹುಡುಗನ ಪ್ರಶ್ನೆ ಕಟುವಾಗಿತ್ತು. 1985ರಿಂದ ನಮ್ಮ ಊರಿನಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಬೂದಿ ನಮಗೆ, ಕರೆಂಟ್ ಬೇರೆಯವರಿಗೆ, ಆದರೂ ನಮ್ಮ ಓಣಿಯಲ್ಲಿ ಯಾಕೆ ಲೈಟ್ ಹೋಗುತ್ತದೆ? ಶಕ್ತಿನಗರ 1720 ಮೆಗಾವ್ಯಾಟ್, ಯರಮರಸ್ 1600, ಆಚೆ ಬಳ್ಳಾರಿಯ ಕುಡಿತಿನಿ 1700. ಇಷ್ಟು ದೊಡ್ಡ ಸ್ಥಾವರಗಳ ನೆರಳಿನಲ್ಲಿ ಇರುವವರು ನಾವು. ಸಾಹೇಬರು ಹೇಳಿದರು: ಓಣಿಯಲ್ಲಿ ಕರೆಂಟ್ ಹೋಗೋದು ಹೆಚ್ಚಾಗಿ ಉತ್ಪಾದನೆ ಸಾಲದೆ ಅಲ್ಲ. ಕೊನೆಯ ಮೈಲಿಯ ತಂತಿ ಹಳೆಯದು, ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಜಾಸ್ತಿ, ಎಲ್ಲಿ ಕೆಟ್ಟಿದೆ ಅಂತ ಹುಡುಕಲು ಕಂಬ ಕಂಬ ಅಲೆಯಬೇಕು. ದೊಡ್ಡ ಲೈನುಗಳು ಯಾವತ್ತೋ ಸ್ಮಾರ್ಟ್ ಆಗಿವೆ, ಓಣಿಯ ಕಂಬ ಇನ್ನೂ ಆಗಿಲ್ಲ. ಬೂದಿಯ ಮಾತಿಗೆ ಅವತ್ತು ಯಾರ ಬಳಿಯೂ ಉತ್ತರ ಇರಲಿಲ್ಲ. ಅದಕ್ಕೇ ಬೇರೆ ಕಾರ್ಯಕ್ರಮ ಮಾಡುತ್ತೇವೆ ಅಂತ ಅಲ್ಲೇ ಮಾತು ಕೊಟ್ಟೆ.

ರಾಯಚೂರಿನವರು ತಿಳಿದಿರಲೇಬೇಕು ಅಂತ ಸಾಹೇಬರು ಇನ್ನೊಂದು ವಿಷಯ ಹೇಳಿದರು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯವೂ ಸೇರಿ ಸುಮಾರು 60 ಕೋಟಿ ಜನರ ಮನೆ ಕತ್ತಲಾಯಿತು. ದಕ್ಷಿಣಕ್ಕೆ ಏನೂ ಆಗಲಿಲ್ಲ. ಆಗ ನಮ್ಮ ಗ್ರಿಡ್ ಅವರದರ ಜೊತೆ ಒಂದೇ ತಾಳದಲ್ಲಿ ಇರಲಿಲ್ಲ. ತಾಳ ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನಿನ ಮೂಲಕ. “ಕೋಲಾಟದಾಗ ನಡುವ ಸೇರ್ಕೊಂಡಂಗ ಅದು. ಓಡಿ ಹೋಗಿ ನುಗ್ಗಿದ್ರ ಕೋಲು ಕೈಗೆ ಬಡಿತೈತಿ. ಹೊರಗ ನಿಂತು ತಾಳ ಕೂಡಿಸ್ಕೊಂಡು, ಕೂಡಿದ ಗಳಿಗ್ಯಾಗ ಹೆಜ್ಜಿ ಇಡಬೇಕು” ಅಂದರು. ಇಡೀ ದೇಶ ಒಂದೇ 50ಕ್ಕೆ ತೂಗಲು ಶುರುವಾದ ಜಾಗ ನಮ್ಮದು. ಇಲ್ಲೇ ಹುಟ್ಟಿ ಬೆಳೆದ ನನಗೂ ಅದು ಗೊತ್ತಿರಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ರೈತರ ಸರದಿ. ಇಷ್ಟೆಲ್ಲ ಬರೆಯಲು ಕೂತದ್ದೇ ಆ ಹತ್ತು ನಿಮಿಷಕ್ಕಾಗಿ.

ನಮ್ಮ ಕಡೆ ಪಂಪ್‌ಸೆಟ್ಟಿಗೆ ಏಳು ತಾಸು ತ್ರೀಫೇಸ್, ಅಂದರೆ ದೊಡ್ಡ ಮೋಟರ್ ಓಡಿಸುವ ಕರೆಂಟ್. ಅದನ್ನು ಬ್ಯಾಚ್ ಮಾಡಿ ಕೊಡುತ್ತಾರೆ, ಒಮ್ಮೆ ಹಗಲು, ಒಮ್ಮೆ ರಾತ್ರಿ. ಹೊತ್ತು ಬದಲಾದಾಗ ಎಲ್ಲರಿಗೂ ತಿಳಿಯೋದಿಲ್ಲ. ಅದಕ್ಕೆ ರೈತರು ಆಟೋ ಸ್ಟಾರ್ಟರ್ ಹಾಕಿಬಿಡುತ್ತಾರೆ. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಎದ್ದು ಓಡುತ್ತದೆ. ಸಾಹೇಬರು ಇದರಿಂದ ಆಗುವ ತೊಂದರೆ ಹೇಳಿದರು. ನಿಂತ ಮೋಟರ್ ಏಳುವಾಗ ಮಾಮೂಲಿಯ 6 ಪಟ್ಟಿನ ತನಕ ಕರೆಂಟ್ ಎಳೆಯುತ್ತದೆ. ಒಂದು ಟಿಸಿಯ ಅಷ್ಟೂ ಮೋಟರ್ ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜ್ ಬೀಳುತ್ತದೆ, ಮೋಟರ್ ವೈಂಡಿಂಗ್ ಸುಡುತ್ತದೆ, ಟಿಸಿಯೂ ಹೋಗುತ್ತದೆ. ಆಟೋ ಹಾಕಬೇಡಿ ಅಂತ ಎಷ್ಟು ಹೇಳಿದರೂ ಜನ ಕೇಳೋದಿಲ್ಲ ಅಂದರು.

ರೈತರು ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು: “ಸಾಹೇಬ್ರ, ನಮ್ಮ ಟಿಸಿ ಮ್ಯಾಲ 14 ಮೋಟರ್ ಅದಾವ. ರಾತ್ರಿ ಎರಡಕ್ಕ ಬರ್ತೈತೋ ನಾಕಕ್ಕೋ ಗೊತ್ತಿಲ್ಲ. ಕತ್ತಲದಾಗ ಹಾವು ಹುಳ ಇರೋ ಗದ್ದ್ಯಾಗ ಹೋಗಿ ಸ್ಟಾರ್ಟರ್ ಒತ್ತಬೇಕು. ಇಂಥ ಹೊತ್ತಿಗಿ ಬರ್ತೈತಿ ಅಂತ ಹಿಂದಿನ ದಿನ ಗೊತ್ತಾದ್ರ ನಾ ಯಾಕ್ರಿ ಆಟೋ ಹಾಕ್ಲಿ? ಸರದಿ ಹಚ್ಚಿ ಚಾಲೂ ಮಾಡ್ಕೋತೀವಿ.”

ಸಾಹೇಬರು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು 2020ರ ಏಪ್ರಿಲ್ 5ರ ಮಾತು ತೆಗೆದರು. ಅವತ್ತು ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೇಶದ ಜನ ಲೈಟ್ ಆರಿಸಿದ್ದರು. ಕೆಲವೇ ನಿಮಿಷದಲ್ಲಿ ಸುಮಾರು 31 ಸಾವಿರ ಮೆಗಾವ್ಯಾಟ್ ಬಳಕೆ ಇಳಿಯಿತು, ಮತ್ತೆ ಏರಿತು. ಗ್ರಿಡ್ ಬೀಳಲಿಲ್ಲ. ಬೇಗ ಏರಿಸಿ ಇಳಿಸಲು ಬರುವ ಜಲವಿದ್ಯುತ್ತನ್ನು ಮೊದಲೇ ಸಜ್ಜು ಮಾಡಿ ಇಟ್ಟುಕೊಂಡಿದ್ದರು. “ದಿನ, ಹೊತ್ತು ಮೊದಲೇ ಗೊತ್ತಿತ್ತು. ಅದಕ್ಕೇ ಉಳಿತು” ಅಂದರು. ಆಗ ಟಿವಿ ವರದಿಗಾರರು, ಆ ಹೊತ್ತನ್ನು ಮನೆ ಮನೆಗೆ ಮುಟ್ಟಿಸಿದ್ದು ಟಿವಿ, ರೇಡಿಯೋದವರೇ ಅಲ್ವಾ ಅಂದರು.

“ಹಂಗಾದ್ರ ನಮಗೂ ಹೇಳ್ರಿ ಅಕ್ಕಾರ” ಅಂದರು ರೈತರು. ನನ್ನ ಕಡೆ ನೋಡಿ.

ನನ್ನ ಮುಂದಿದ್ದ ಕಾಗದದಲ್ಲಿ ಆ ಮಾತಿಗೆ ಯಾವ ಉತ್ತರವೂ ಬರೆದಿರಲಿಲ್ಲ. ತಜ್ಞರನ್ನು ಕೇಳುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಜಾಲಕ್ಕೆ ತನ್ನ ಸ್ಥಿತಿ ಕ್ಷಣಕ್ಷಣಕ್ಕೂ ಗೊತ್ತು. ಗದ್ದೆಯ ಬದುವಿನಲ್ಲಿ ಕಾಯುವವನಿಗೆ ಏನೂ ಗೊತ್ತಿಲ್ಲ. ಈ ನಡುವಿನ ಜಾಗದಲ್ಲಿ ಇಷ್ಟು ವರ್ಷ ನಾನೇ ಕೂತಿದ್ದೆ.

ಮೊದಲ ಕರೆ ಬಂದಾಗ ಕಾರ್ಯಕ್ರಮ ಇನ್ನೂ ನಡೆಯುತ್ತಿತ್ತು. ಆಮೇಲೆ ಲೈನು ಬಿಡುವಾಗಲೇ ಇಲ್ಲ. ಒಬ್ಬರು ಅಧಿಕಾರಿಯ ಹೆಸರು ಹಿಡಿದು ಬೈಯಲು ಶುರು ಮಾಡಿದಾಗ ದನಿ ತಗ್ಗಿಸುವ ಫೇಡರ್ ಇಳಿಸಿ, ಹೆಸರು ಬೇಡ, ತೊಂದರೆ ಹೇಳಿ ಅಂದೆ. ಹೇಳಿದರು. ನೇರ ಪ್ರಸಾರ ಮಾಡುವವರು ಫೇಡರ್ ಮೇಲಿನ ಬೆರಳು ತೆಗೆಯಬಾರದು.

ಕರೆಂಟ್ ಆಫೀಸಿಗೆ ಒಂದು ತಿಂಗಳು ಓಡಾಡಿದ ಮೇಲೆ ಸುತ್ತಲಿನ ಕೆಲವು ಫೀಡರುಗಳ, ಅಂದರೆ ಊರುಗಳಿಗೆ ಕರೆಂಟ್ ಒಯ್ಯುವ ಲೈನುಗಳ, ಮರುದಿನದ ತ್ರೀಫೇಸ್ ಹೊತ್ತು ವಾಟ್ಸಾಪಿನಲ್ಲಿ ಬರಲು ಶುರುವಾಯಿತು. ಸಂಜೆ ಪೇಟೆ ಧಾರಣೆ ಓದಿದ ನಂತರ ಎರಡು ನಿಮಿಷ ಅದನ್ನು ಓದುತ್ತೇನೆ. ಊರಿನ ಹೆಸರು ಎರಡು ಸಲ, ಹೊತ್ತು ಎರಡು ಸಲ. ಮೂರನೇ ವಾರದಲ್ಲಿ ದೊಡ್ಡ ತಪ್ಪು ಮಾಡಿದೆ. ಅವತ್ತು ಪಟ್ಟಿ ಬಂದಿರಲಿಲ್ಲ. ಬದಲಾಗಿರಲಿಕ್ಕಿಲ್ಲ ಅಂದುಕೊಂಡು ಹಿಂದಿನ ದಿನದ್ದನ್ನೇ ಓದಿಬಿಟ್ಟೆ. ಹೊತ್ತು ಬದಲಾಗಿತ್ತು. ಮೂರು ಊರಿನ ಜನ ಬೆಳಗಿನ ಜಾವ ಗದ್ದೆಗೆ ಹೋಗಿ ಕಾದು ವಾಪಸ್ ಬಂದಿದ್ದರು. ಮಾನ್ವಿಯ ಅದೇ ರೈತರು ಫೋನ್ ಮಾಡಿ, “ಗೊತ್ತಿಲ್ಲ ಅಂದ್ರೂ ನಡಿತೈತ್ರಿ ಅಕ್ಕಾರ, ತಪ್ಪು ಹೇಳಬ್ಯಾಡ್ರಿ” ಅಂದರು. ಮರುದಿನ ಸಂಜೆ ಪ್ರಸಾರದಲ್ಲಿ ಕ್ಷಮೆ ಕೇಳಿದೆ.

ಈಗ ಆರೂವರೆಯ ತನಕ ಕಾಯುತ್ತೇನೆ. ಅಷ್ಟರೊಳಗೆ ಪಟ್ಟಿ ಬರದಿದ್ದರೆ ಬಂದಿಲ್ಲ ಅಂತಲೇ ಓದುತ್ತೇನೆ. ನಿನ್ನೆ ಎರಡು ಫೀಡರಿನದು ಬಂದಿರಲಿಲ್ಲ. ಆ ಎರಡು ಊರಿನ ಹೆಸರು ಹೇಳಿ, ಬಂದಿಲ್ಲ ಅಂದೆ.